ಮಾಗಿಯ ಹಿತ್ತಿಲು

ಘಟ್ಟದ ಮೇಲಿನ ಮಲೆನಾಡಿನಲ್ಲಿ ವರುಷವು ಯುಗಾದಿಗೆ ಮೊದಲಾಗುವುದೆಂದು ಪಂಚಾಂಗವು ಹೇಳಿದರೂ, ಮನೆವಾರ್ತೆಯ ವರುಷವು ಮೊದಲಾಗುವುದು ದೀಪಾವಳಿ ಕಳೆದ ಮೇಲೆಯೇ ಎಂದು ಅಲ್ಲಿಯ ಮನೆಗಳನ್ನು ಕಂಡವರಿಗೆ ತೋರದೆ ಇರದು. ಶಿರಸಿಯ ಸೀಮೆಯಲ್ಲಿ ವರುಷಕ್ಕೆ ನೂರು ಅಂಗುಲದ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಅದರಲ್ಲಿ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ಆ ನಾಲ್ಕು ತಿಂಗಳೂ ಮನೆಯು ಸೋಗೆಯ ತಟ್ಟಿಗಳನ್ನು ಹೊದ್ದುಕೊಂಡು ಕುಳಿತಿರುತ್ತದೆ. ಅಂಗಳದ ತುಂಬ ಪಾಚಿ, ಗೋಡೆಯ ಬುಡದಲ್ಲಿ ತೇವ, ಹಿತ್ತಿಲಿನಲ್ಲಿ ಮೊಳಕಾಲೆತ್ತರದ ಕಳೆ. ಮಳೆ ಹಿಂದೆಗೆದ ಮೇಲೆ, ಅಡಿಕೆಯ ಕೊನೆಗೊಯ್ಲು ಬಿರುಸಾಗುವುದರೊಳಗೆ ಸಿಕ್ಕುವ ಕೆಲವೇ ವಾರಗಳಲ್ಲಿ ಮನೆಯನ್ನೂ ಹಿತ್ತಿಲನ್ನೂ ಒಟ್ಟಿಗೆ ಹೊಸದು ಮಾಡಿಕೊಳ್ಳಬೇಕು. ಕೊಯ್ಲು ಆರಂಭವಾಯಿತೆಂದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಇವುಗಳಲ್ಲಿಯೇ ಹಗಲೂ ಅರ್ಧ ಇರುಳೂ ಕಳೆಯುತ್ತವೆ. ಆಗ ಬದನೆಯ ಸಸಿಗೆ ಹೊಸ ಮಡಿ ಕಟ್ಟುವವರು ಯಾರು?

ಹೋದ ಮಾರ್ಗಶಿರದಲ್ಲಿ ನಮ್ಮಿಬ್ಬರಿಗೂ ಆ ಸೀಮೆಯಲ್ಲಿ ಐದಾರು ದಿನ ಇರುವ ಪ್ರಸಂಗ ಒದಗಿತು. ನಾವು ಬಯಲುಸೀಮೆಯವರು. ಹಿತ್ತಿಲೆಂದರೆ ಒಂದು ನುಗ್ಗೆಯ ಮರ, ನಾಲ್ಕು ತೊಗರಿಯ ಗಿಡ, ಬೇಲಿಗೆ ಹಬ್ಬಿದ ಅವರೆ ಎಂದು ತಿಳಿದು ಬೆಳೆದವರು. ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿ ಹೋಗಿ, ಶಾಲ್ಮಲೆಯ ಹರಿವಿನಲ್ಲಿ ಬಂಡೆಬಂಡೆಗೂ ಲಿಂಗವನ್ನು ಕಡೆದಿರುವ ಸಹಸ್ರಲಿಂಗವನ್ನು ಮೊದಲು ನೋಡಿಕೊಂಡೆವು. ಮಳೆಗಾಲದಲ್ಲಿ ಹೊಳೆಯು ಅವನ್ನು ಮುಳುಗಿಸಿಬಿಡುವುದರಿಂದ ಮಾಗಿಯೇ ಆ ದರ್ಶನಕ್ಕೆ ತಕ್ಕ ಕಾಲ. ಅಲ್ಲಿಂದ ಮಣ್ಣಿನ ಅಡ್ಡದಾರಿಯನ್ನು ಹಿಡಿದು, ದೂರದ ನೆಂಟರಾದ ಅಡಿಕೆ ತೋಟಿಗರೊಬ್ಬರ ಮನೆಗೆ ಇಳಿದೆವು. ಇಳಿದೆವು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅಲ್ಲಿ ಊರೆಂದರೆ ಬೀದಿಯಲ್ಲ, ಇಳಿಜಾರು. ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ ಮತ್ತು ಕೊಟ್ಟಿಗೆ, ಕೆಳಗೆ ಕಣಿವೆಯಲ್ಲಿ ತೋಟ. ಬ್ರಿಟಿಷರ ಕಾಲದಿಂದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೊಪ್ಪಿನ ಹಕ್ಕು ನಡೆದುಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ನೀರಿನ ದಾರಿಯೂ ಅದೇ. ಈ ಇಳಿಜಾರಿನಲ್ಲಿ ಮನೆಯ ಬೆನ್ನಿಗೆ ಅಂಟಿಕೊಂಡಿರುವ ಎರಡು ಮೂರು ಗುಂಟೆಯ ನೆಲವೇ ಹಿತ್ತಿಲು. ಲೆಕ್ಕಪತ್ರದಲ್ಲಿ ಅದಕ್ಕೆ ಬೆಲೆಯಿಲ್ಲ. ಊಟದ ಎಲೆಯ ಮೇಲೆ ಇದೆ.

ನಾವು ಹೋದ ದಿನ ಅಂಗಳದ ಕೆಲಸ ನಡೆದಿತ್ತು. ಪಾಚಿಯನ್ನೂ ಹುಲ್ಲನ್ನೂ ಹೆರೆದು ತೆಗೆದು, ತಗ್ಗಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಸಮಮಾಡುತ್ತಿದ್ದರು. ಮರುದಿನ ಸಗಣಿ ಸಾರಿಸಿದರು; ಅದರ ಮರುದಿನ ಅಡಿಕೆಯ ಮರದ ಕಂಬಗಳನ್ನು ನೆಟ್ಟು ಚಪ್ಪರವೆದ್ದಿತು. ಜಗಲಿಯ ಸುತ್ತ ಮಳೆಯ ಇರಚಲಿಗೆ ಕಟ್ಟಿದ್ದ ತಟ್ಟಿಗಳನ್ನು ಬಿಚ್ಚಿದಾಗ, ನಾಲ್ಕು ತಿಂಗಳು ಕತ್ತಲಲ್ಲಿದ್ದ ಜಗಲಿಯ ಮೇಲೆ ಬಿಸಿಲು ಬಂದು ಕುಳಿತುದನ್ನು ನೋಡುವುದೇ ಒಂದು ಸೊಗಸು. ಆ ಹಳೆಯ ಸೋಗೆಯನ್ನು ಅವರು ಸುಡಲಿಲ್ಲ. ಹಿತ್ತಿಲಿನ ಮೂಲೆಯಲ್ಲಿ ಒಟ್ಟಿಟ್ಟರು. ತರಕಾರಿಯ ಮಡಿಗಳಿಗೆ ಹೊದಿಸಿದರೆ ಬೇಸಗೆಯಲ್ಲಿ ನೆಲದ ತೇವ ಆರದೆಂದು ಹೇಳಿದರು.

ಆದರೆ ಆ ಮನೆಯಲ್ಲಿ ಈ ವರುಷದ ಪ್ರಶ್ನೆಯು ಅಂಗಳದ್ದಾಗಿರಲಿಲ್ಲ. ಮನೆಯಲ್ಲಿ ಐದು ಜನ: ಯಜಮಾನರು, ಅವರ ಮಡದಿ, ಮಗ, ಸೊಸೆ, ಒಬ್ಬ ಮೊಮ್ಮಗ. ಮಗನೂ ಸೊಸೆಯೂ ಬೆಂಗಳೂರಿನಲ್ಲಿದ್ದವರು. 2020ರ ವ್ಯಾಧಿಯ ಕಾಲದಲ್ಲಿ ಊರಿಗೆ ಬಂದು, ಬಳಿಕ ಇಲ್ಲಿಯೇ ನಿಂತರು. ಮಗನ ಕೆಲಸವು ಗಣಕಯಂತ್ರದ ಮೂಲಕ ಮನೆಯಿಂದಲೇ ನಡೆಯುತ್ತದೆ. ಸೊಸೆಗೆ ಎರಡು ಸಂಕಲ್ಪಗಳಿದ್ದುವು. ಹೊಗೆ ಹಿಡಿದ ಅಡಿಗೆಯ ಮನೆಯನ್ನು ಸರಿಪಡಿಸುವುದು ಒಂದು. ಕೆಲವು ವರುಷಗಳಿಂದ ಹಾಳು ಬಿದ್ದಿದ್ದ ತರಕಾರಿಯ ಹಿತ್ತಿಲನ್ನು ಮತ್ತೆ ನಿಲ್ಲಿಸುವುದು ಇನ್ನೊಂದು. ಮೇಸ್ತ್ರಿಯು ಬರುವ ಸೋಮವಾರಕ್ಕೆ ಗೊತ್ತಾಗಿದ್ದನು. ಹಿತ್ತಿಲಿನ ನಕ್ಷೆಯನ್ನು ಆಕೆ ಮೊಮ್ಮಗನ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಬರೆದಿಟ್ಟಿದ್ದಳು.

ಹಳೆಯ ಹಿತ್ತಿಲು ಮನೆಯ ಬಡಗಣ ಮಗ್ಗುಲಲ್ಲಿ, ಬಾವಿಗೂ ಗೋಡೆಗೂ ನಡುವೆ, ಹದಿನೆಂಟು ಅಡಿಯ ಅಗಲದ ನೆಲ. ಅಲ್ಲಿ ಒಂದು ಕಾಲದಲ್ಲಿ ಬದನೆ ಮೆಣಸುಗಳು ಹೇರಳವಾಗಿ ಆಗುತ್ತಿದ್ದುವಂತೆ. ಏಳೆಂಟು ವರುಷಗಳಿಂದ ಏನು ಹಾಕಿದರೂ ಗಿಡ ಸೊರಗಿ ಉದ್ದವಾಗುವುದು, ಹೂ ಉದುರುವುದು. ಮಣ್ಣು ಸತ್ತಿತೆಂದು ಯಜಮಾನರು ಗೊಬ್ಬರ ಹಾಕಿಸಿದರು. ಗೋಬರ್ ಅನಿಲದ ತೊಟ್ಟಿಯ ಬಗ್ಗಡವನ್ನು ಹಾಯಿಸಿದರು. ಮಗನು ಮಣ್ಣನ್ನು ಪರೀಕ್ಷೆಗೆ ಕಳುಹಿಸಿದನು. ಮನೆಯ ಹಿರಿಯಾಕೆ ಮಾತ್ರ ಹೇಳುತ್ತಿದ್ದುದು ಒಂದೇ ಮಾತು: "ಮಾಳಿಗೆ ಎತ್ತಿದ ಮೇಲೆ ಹಿತ್ತಿಲಿಗೆ ಏಳಿಗೆ ಇಲ್ಲ." ಮುದುಕರ ಗೊಣಗಾಟವೆಂದು ಎಲ್ಲರೂ ಅದನ್ನು ಬದಿಗಿಟ್ಟಿದ್ದರು.

ಸೊಸೆಯು ಬುದ್ಧಿವಂತೆ. ನಕ್ಷೆಯನ್ನು ಬರೆಯುವ ಮುನ್ನ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಂದರಂತೆ ನೆರಳಿನ ಅಂಚಿಗೆ ಕಡ್ಡಿ ನೆಡಿಸಿದ್ದಳು. ನಾವು ಹೋದಾಗಲೂ ಆ ಕಡ್ಡಿಗಳು ಅಲ್ಲಿದ್ದುವು. ಇಡೀ ಹಗಲು ಆ ನೆಲಕ್ಕೆ ಬಿಸಿಲು ಬೀಳುತ್ತಿದ್ದುದು ಬಾವಿಯ ಕಟ್ಟೆಯ ಬಳಿಯ ಎರಡು ಅಡಿಗೆ ಮಾತ್ರ. ಕಾರಣವು ಸರಳವಾದುದು. ಮಾಗಿಯಲ್ಲಿ ಸೂರ್ಯನು ತೆಂಕಣಕ್ಕೆ ವಾಲಿ ನಡೆಯುತ್ತಾನೆ. ಡಿಸೆಂಬರಿನ ಕೊನೆಯಲ್ಲಿ ಶಿರಸಿಯ ಸೀಮೆಯಲ್ಲಿ ನಡುಹಗಲಿನಲ್ಲಿಯೂ ಅವನು ನೆತ್ತಿಯ ಮೇಲೆ ಬಾರದೆ, ದಿಗಂತದಿಂದ ಐವತ್ತೆರಡು ಅಂಶದಷ್ಟೇ ಏರುತ್ತಾನೆ. ಆಗ ಹತ್ತು ಅಡಿಯ ಗೋಡೆಗೆ ಬಡಗಲಾಗಿ ಎಂಟು ಅಡಿಯ ನೆರಳು. ಮಾಳಿಗೆ ಎತ್ತಿ ಮನೆ ಇಪ್ಪತ್ತು ಅಡಿಯಾದರೆ ನೆರಳು ಹದಿನಾರು ಅಡಿ. ಒಂದು ಅಂತಸ್ತಿನ ಮನೆಯಾಗಿದ್ದಾಗ ಅರ್ಧ ಹಿತ್ತಿಲಿಗೆ ಬಿಸಿಲಿತ್ತು. ಮಾಳಿಗೆಯು ಅದನ್ನೂ ನುಂಗಿತು. ಏಪ್ರಿಲಿನ ಕೊನೆಯಿಂದ ಆಗಸ್ಟಿನ ನಡುವಿನವರೆಗೆ ಸೂರ್ಯನು ಬಡಗಣದಲ್ಲಿರುವುದರಿಂದ ಆಗ ಅದೇ ನೆಲಕ್ಕೆ ಬಿಸಿಲು ಬೀಳಬೇಕು. ಆದರೆ ಆ ಕಾಲದ ಹೆಚ್ಚು ದಿನಗಳಲ್ಲಿ ಮಲೆನಾಡಿನಲ್ಲಿ ಬಿಸಿಲೆಲ್ಲಿ, ಮೋಡವಲ್ಲವೆ? ಮುದುಕಿಯ ಮಾತು ಗೊಣಗಾಟವಾಗಿರಲಿಲ್ಲ. ಆಕೆ ಕಂಡುದನ್ನು ಕಂಡ ಹಾಗೆ ಹೇಳಿದ್ದಳು, ಅಷ್ಟೆ.

ಆದಕಾರಣ ಹೊಸ ಹಿತ್ತಿಲಿಗೆ ತೆಂಕಣ ಮಗ್ಗುಲೆಂದು ನಿಶ್ಚಯವಾಯಿತು. ಅಡಿಗೆಯ ಮನೆಯ ಬಾಗಿಲಿಗೂ ಕೊಟ್ಟಿಗೆಗೂ ನಡುವೆ ಕಟ್ಟಿಗೆಯ ರಾಶಿಯಿದ್ದ ಜಾಗ ಅದು. ಕಟ್ಟಿಗೆಯು ಕೊಟ್ಟಿಗೆಯ ಸೂರಿನ ಕೆಳಕ್ಕೆ ಹೋಯಿತು. ಅಡಿಗೆಯ ಮನೆಯ ಬಾಗಿಲಿಗೆ ಹಿತ್ತಿಲು ಹತ್ತಿರವಿರಬೇಕೆಂಬುದನ್ನು ನಾನು ಮೊದಲು ಅಷ್ಟಾಗಿ ಯೋಚಿಸಿರಲಿಲ್ಲ. ನನ್ನ ಮನೆಯವರು ಒಂದೇ ಮಾತಿನಲ್ಲಿ ತಿಳಿಸಿದರು: ಒಲೆಯ ಮೇಲೆ ಸಾರು ಕುದಿಯುವಾಗ ಐವತ್ತು ಹೆಜ್ಜೆ ನಡೆದು ಕೊತ್ತುಂಬರಿ ಕೀಳುವವರು ಯಾರೂ ಇಲ್ಲ.

ಬಿಸಿಲಿನ ಮೇಲೆ ನೀರಿನ ಲೆಕ್ಕ. ಮಾಗಿಯಲ್ಲಿ ಬಾವಿಯು ತುಂಬಿರುತ್ತದೆ. ಆಗ ಹಿತ್ತಿಲು ಹಾಕುವವರಿಗೆ ಧಾರಾಳವಾದ ಮನಸ್ಸು ಬರುವುದು ಸಹಜ. ಮಗನು ಹತ್ತು ಮಡಿಗಳನ್ನು ಹಾಕೋಣವೆಂದನು. ಯಜಮಾನರು, "ಚೈತ್ರದಲ್ಲಿ ಪಂಪು ಅರ್ಧ ಗಂಟೆ ಓಡಿದರೆ ಬಾವಿಯ ತಳ ಕಾಣುತ್ತದೆ, ಆಗ ನಿನ್ನ ಹತ್ತು ಮಡಿಗೆ ಎಲ್ಲಿಂದ ತರುತ್ತೀಯೋ ಮಾಣಿ?" ಎಂದು ಕೇಳಿದರು. ಬೇಸಗೆಯಲ್ಲಿ ಹತ್ತು ಚದರ ಅಡಿಯ ಮಡಿಗೆ ದಿನಕ್ಕೆ ನಾಲ್ಕೈದು ಲೀಟರು ನೀರು ಬೇಕು. ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮೂರು ಮಡಿಗಳಾದರೆ ಸುಮಾರು ನೂರು ನೂರಿಪ್ಪತ್ತು ಲೀಟರು. ಅಷ್ಟನ್ನು ಆ ಬಾವಿಯು ಚೈತ್ರದಲ್ಲಿಯೂ ಕೊಡಬಲ್ಲುದು. ಹತ್ತು ಮಡಿಯು ಮೂರಕ್ಕೆ ಇಳಿಯಿತು. ಮಡಿಯ ಅಗಲವು ನಾಲ್ಕು ಅಡಿಗೆ ಮೀರಬಾರದೆಂಬುದೂ ಅನುಭವದ ಮಾತೇ. ಎರಡು ಕಡೆಯಿಂದಲೂ ಕೈ ನಡುವಿಗೆ ಎಟುಕಿದರೆ ಮಡಿಯೊಳಗೆ ಕಾಲಿಟ್ಟು ಮಣ್ಣನ್ನು ತುಳಿಯಬೇಕಾಗಿಲ್ಲ.

ಬಚ್ಚಲಿನ ನೀರಿನ ವಿಷಯದಲ್ಲಿ ಒಂದು ಮಾತು. ಐದು ಜನರ ಸ್ನಾನದ ನೀರು ದಿನಕ್ಕೆ ನೂರೈವತ್ತು ಲೀಟರಾದರೂ ಆಗುತ್ತದೆ. ಹಿಂದೆ ಅದು ನೇರವಾಗಿ ಬಸಳೆಯ ಚಪ್ಪರದ ಬುಡಕ್ಕೆ ಹೋಗುತ್ತಿದ್ದಿತು. ಆದರೆ ಸೀಗೆಯ ಪುಡಿ, ಕಡಲೆಯ ಹಿಟ್ಟುಗಳ ಕಾಲದ ಬಚ್ಚಲಿನ ನೀರು ಬೇರೆ, ಸಾಬೂನು ಮತ್ತು ಬಟ್ಟೆ ಒಗೆಯುವ ಪುಡಿಯ ಕಾಲದ ನೀರು ಬೇರೆ. ಈ ಮನೆಯವರು ಅದನ್ನು ಕಾಲುವೆಯಿಂದ ಬಾಳೆಗೂ ತೆಂಗಿಗೂ ತಿರುಗಿಸಿ, ಎಲೆಯನ್ನು ತಿನ್ನುವ ಗಿಡಗಳಿಗೆ ಬಾವಿಯ ನೀರನ್ನೇ ಇಟ್ಟುಕೊಂಡರು. ಇದು ಸರಿಯಾದ ಏರ್ಪಾಡೆಂದೇ ನನ್ನ ಎಣಿಕೆ.

ಇಷ್ಟರವರೆಗೆ ಎಲ್ಲವೂ ಸುಗಮವಾಗಿ ನಡೆಯಿತು. ತೊಡಕು ಬಂದುದು ಅಡಿಗೆಯ ಮನೆಯಲ್ಲಿ.

ಆ ಅಡಿಗೆಯ ಮನೆಯ ಮೂಡಣ ಗೋಡೆಯು ಮಣ್ಣಿನದು. ಹೊಗೆಯಿಂದ ಕಪ್ಪಾಗಿ ಮಿರುಗುತ್ತಿದ್ದಿತು. ಅದಕ್ಕೆ ಗಾರೆ ಬಳಿದು ಬಿಳಿಯ ಹೊಳಪಿನ ಬಿಲ್ಲೆಗಳನ್ನು ಅಂಟಿಸಬೇಕು, ಒಲೆಯನ್ನು ತೆಗೆದು ಗ್ಯಾಸಿನ ಕಟ್ಟೆಯನ್ನು ಕಟ್ಟಬೇಕು ಎಂದು ಸೊಸೆಯ ಆಸೆ. ಇದರಲ್ಲಿ ತಪ್ಪೇನೂ ಇಲ್ಲ. ಒಲೆಯ ಹೊಗೆಯನ್ನು ದೂರದಲ್ಲಿ ಕುಳಿತು ಹೊಗಳುವವರುಂಟು. ಅದರ ಮುಂದೆ ಮೂವತ್ತು ವರುಷ ಕುಳಿತು ಕಣ್ಣನ್ನೂ ಎದೆಯನ್ನೂ ಕೆಡಿಸಿಕೊಂಡ ಹೆಂಗಸರನ್ನು ಕೇಳಿದರೆ ಬೇರೆಯ ಮಾತು ಬರುತ್ತದೆ. ಅತ್ತೆಯೂ ಬೇಡವೆನ್ನಲಿಲ್ಲ. ಆಕೆ ಕೇಳಿದುದಿಷ್ಟೇ: "ಗೋಡೆ ಹೊಸದು ಮಾಡು ತಂಗಿ, ಆಗಲಿ. ಆ ಬೀಜ ಎಲ್ಲಿಡಲಿ, ಅದನ್ನು ಹೇಳು."

ಆಗ ನಾವು ಗೋಡೆಯನ್ನು ಸರಿಯಾಗಿ ನೋಡಿದೆವು. ಒಲೆಗೆ ಮೇಲಾಗಿ, ಅಂಗೈಯಗಲದ ಸಗಣಿಯ ಬಿಲ್ಲೆಗಳು ಮೂರು ಅಂಟಿಕೊಂಡಿದ್ದುವು. ಮೊಗೆಕಾಯಿಯ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿದರೆ ಒಲೆಯ ಬಿಸುಪಿಗೆ ಒಣಗಿ, ಹೊಗೆಗೆ ಹುಳ ಹತ್ತದೆ ಮುಂದಿನ ಬಿತ್ತನೆಯವರೆಗೆ ಉಳಿಯುತ್ತದೆ. ಮೊಗೆಕಾಯಿಯೆಂದರೆ ನಮ್ಮ ಕಡೆಯ ಎಳೆಸೌತೆಯಲ್ಲ. ಬಲಿತ ಮೇಲೆ ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದಿಂದ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡದೆ ಇರುವ ಕಾಯಿ. ಮಲೆನಾಡಿನ ಮಳೆಗಾಲದ ಹುಳಿಗೆ ಅದೇ ಆಧಾರ. ಈ ಮನೆಯ ಮೊಗೆಯು ಸ್ವಲ್ಪ ಗಿಡ್ಡ, ಸಿಪ್ಪೆಯ ಮೇಲೆ ಹಸಿರು ಪಟ್ಟೆ, ತಿರುಳಿನಲ್ಲಿ ಎಳೆಯ ಹುಳಿ. ಹಿರಿಯಾಕೆಯು ಮದುವೆಯಾಗಿ ಬಂದಾಗ ತೌರಿನಿಂದ ತಂದ ಬೀಜ. ಹಿತ್ತಿಲು ಸೊರಗಿದ ಮೇಲೆ ಕಾಯಿ ಕಡಮೆಯಾಗುತ್ತ ಬಂದು, ಗೋಡೆಗೆ ಬೀಜ ತಟ್ಟಿ ಮೂರು ವರುಷವಾಗಿದ್ದಿತು. ಅನಂತರ ಬಿತ್ತಿಯೇ ಇರಲಿಲ್ಲ.

"ಪೇಟೆಯಲ್ಲಿ ಬೀಜ ಸಿಗುತ್ತದಲ್ಲ ಅತ್ತೆ" ಎಂದು ಸೊಸೆ ಮೆಲ್ಲಗೆ ಹೇಳಿದಳು.

"ಸಿಗುತ್ತದೆ. ಅದು ಪೇಟೆಯ ಮೊಗೆ."

ಮುದುಕಿಯ ಮಾತಿನಲ್ಲಿ ಹಟಕ್ಕಿಂತ ಹೆಚ್ಚಿನದು ಇದ್ದಿತು. ಪೇಟೆಯಲ್ಲಿ ಈಗ ಮಾರುವ ತರಕಾರಿಯ ಬೀಜದಲ್ಲಿ ಬಹಳಷ್ಟು ಮಿಶ್ರತಳಿಯದು. ಅದರ ಕಾಯಿಯಿಂದ ಬೀಜ ತೆಗೆದು ಬಿತ್ತಿದರೆ ಮರುವರುಷ ತಾಯಿಯಂತಹ ಬಳ್ಳಿ ಬಾರದು. ಪ್ರತಿವರುಷವೂ ಕೊಳ್ಳಬೇಕು. ಮನೆಯ ಬೀಜವಾದರೋ ಬಿತ್ತುತ್ತ ಇದ್ದಷ್ಟು ಕಾಲ ನಮ್ಮದು. ಬಿತ್ತುವುದನ್ನು ಬಿಟ್ಟರೆ ಸದ್ದಿಲ್ಲದೆ ಸಾಯುತ್ತದೆ. ತಂಪಾಗಿ ಒಣಗಿರುವ ಕಡೆ ಸೌತೆಯ ಜಾತಿಯ ಬೀಜವು ನಾಲ್ಕೈದು ವರುಷವಾದರೂ ಬಾಳುವುದುಂಟು, ಈರುಳ್ಳಿಯದು ಒಂದೆರಡು ವರುಷ. ಮಲೆನಾಡಿನ ತೇವದಲ್ಲಿ ಆ ಲೆಕ್ಕ ನಡೆಯದು. ಈ ನಷ್ಟವನ್ನು ಕಂಡೇ ಶಿರಸಿಯಲ್ಲಿ 2001ರಲ್ಲಿ 'ವನಸ್ತ್ರೀ' ಎಂಬ ಹೆಂಗಸರ ಕೂಟವು ಆರಂಭವಾಗಿ, ಮನೆಮನೆಯ ಹಿತ್ತಿಲಿನ ಬೀಜಗಳನ್ನು ಕೂಡಿಸಿ ಹಂಚಿಕೊಳ್ಳುವ ಪರಿಪಾಟವನ್ನು ಬೆಳೆಸಿತು. ಮಳೆಗಾಲಕ್ಕೆ ಮುಂಚೆ 'ಮಲೆನಾಡು ಮೇಳ'ವನ್ನೂ ನಡೆಸಿಕೊಂಡು ಬಂದಿತು. ಆದರೆ ನೆರೆಯವರಿಗೂ ಕೊಡದೆ ಒಂದೇ ಗೋಡೆಯ ಮೇಲೆ ಉಳಿದ ಬೀಜಕ್ಕೆ ಮೇಳವೇನು ಮಾಡೀತು?

ಮೇಸ್ತ್ರಿಯು ಬರುವುದಕ್ಕೆ ಐದು ದಿನಗಳಿದ್ದುವು. ಅತ್ತೆಯು ಅಂದೇ ಬಿಲ್ಲೆಗಳನ್ನು ಬಿಡಿಸಿ, ಬಿಸಿನೀರಿನ ಹಬೆ ತಾಗದಂತೆ ತಟ್ಟೆಯಲ್ಲಿ ಪುಡಿಮಾಡಿದಳು. ಸಿಕ್ಕಿದುವು ಮೂವತ್ತೊಂದು ಬೀಜ. ಏಳು ಟೊಳ್ಳು. ಉಳಿದ ಇಪ್ಪತ್ತನಾಲ್ಕನ್ನು ಒದ್ದೆಯ ಬಟ್ಟೆಯಲ್ಲಿ ಸುತ್ತಿ, ತೆಂಗಿನ ಚಿಪ್ಪಿನಲ್ಲಿಟ್ಟು, ಒಲೆಯ ಕಟ್ಟೆಯ ಮೂಲೆಯಲ್ಲಿ ಬೆಚ್ಚಗೆ ಇರಿಸಿದಳು. ಮಾಗಿಯ ರಾತ್ರಿಯ ಚಳಿಯಲ್ಲಿ ಹೊರಗೆ ನೆಲಕ್ಕೆ ಹಾಕಿದರೆ ಬಲವಿಲ್ಲದ ಬೀಜ ಏಳುವ ಮೊದಲೇ ಕೊಳೆತುಹೋಗುತ್ತದೆ. ಸೊಸೆಯು ಒಂದು ಮಾತನ್ನೂ ಆಡದೆ ಎರಡು ಹೊತ್ತು ಬಟ್ಟೆಗೆ ನೀರು ಚಿಮುಕಿಸುವ ಕೆಲಸವನ್ನು ತಾನು ವಹಿಸಿಕೊಂಡಳು.

ಮೊಳಕೆಗೆ ಕಾಯುವಷ್ಟರಲ್ಲಿ ಮಡಿಯ ಕೆಲಸ ನಡೆಯಿತು. ಒಂದು ಮಡಿಯನ್ನು ಚಿರೆಕಲ್ಲಿನಿಂದ ಎರಡು ಅಡಿಯ ಎತ್ತರಕ್ಕೆ ಕಟ್ಟಿಸಿದರು. ಬಗ್ಗಲಾರದ ಅತ್ತೆ ಅದರ ಅಂಚಿನ ಮೇಲೆ ಕುಳಿತೇ ಕಳೆ ಕೀಳಬಹುದು. ಮೊದಲ ಮಡಿಗೆ ಹರಿವೆ, ಮೂಲಂಗಿ, ಕೊತ್ತುಂಬರಿ. ಹರಿವೆಯನ್ನು ಒಮ್ಮೆಗೇ ಎಲ್ಲವನ್ನೂ ಚೆಲ್ಲದೆ ಹದಿನೈದು ದಿನಕ್ಕೊಮ್ಮೆ ಮೂರು ಅಡಿಯಷ್ಟು ಬಿತ್ತುವುದೆಂದು ಗೊತ್ತಾಯಿತು. ತಿಂಗಳೊಳಗೆ ಕೀಳಲು ಬರುವ ಸೊಪ್ಪು ಅದು. ಒಮ್ಮೆಲೇ ಬಂದರೆ ಮೊದಲ ವಾರ ಹಬ್ಬ, ಮರುವಾರ ಬೇಸರ. ಎರಡನೆಯ ಮಡಿಗೆ ಎರಡು ಎರಡೂವರೆ ಅಡಿಗೊಂದರಂತೆ ಬದನೆ, ಅಂಚಿಗೆ ಮೆಣಸು. ಬೇಲಿಯ ಪಕ್ಕದಲ್ಲಿ ಆರು ಅಡಿಯ ನೆಲವನ್ನು ಖಾಲಿ ಬಿಟ್ಟರು. ಅದು ಚಪ್ಪರದ ಅವರೆಯ ಜಾಗ. ನಾಡಿನ ಅವರೆಯು ಹಗಲು ಕಿರಿದಾದಾಗ ಹೂಬಿಡುವ ಬಳ್ಳಿಯಾದುದರಿಂದ ಮಳೆಯ ಆರಂಭದಲ್ಲಿ ಬಿತ್ತಿ, ಬಳ್ಳಿ ಹಬ್ಬಿಸಿಕೊಂಡು, ಮಾಗಿಗೆ ಕಾಯಿ ನೋಡಬೇಕು. ಈಗ ಬಿತ್ತಿದರೆ ಗೇಣುದ್ದದ ಬಳ್ಳಿಯಲ್ಲಿ ನಾಲ್ಕು ಹೂ. ಮಾಗಿಯ ನಕ್ಷೆಯಲ್ಲಿ ಜೂನಿನ ಬಳ್ಳಿಗೂ ಸ್ಥಳವಿಡಬೇಕೆಂಬುದು ನನಗೆ ಹೊಸದಾಗಿ ತೋರಿತು.

ಮಂಗಗಳ ಕಾಟವನ್ನು ಹೇಳದೆ ಬಿಟ್ಟರೆ ಮಲೆನಾಡಿನ ಹಿತ್ತಿಲಿನ ಮಾತು ಅರ್ಧವಾಗುತ್ತದೆ. ಹತ್ತು ಮಡಿಗಳನ್ನು ಕಾಯುವುದಕ್ಕಿಂತ ಮೂರನ್ನು ಬಲೆಯಿಂದ ಮುಚ್ಚುವುದು ಸುಲಭವೆಂಬುದು ಮಡಿಗಳನ್ನು ಕಡಮೆ ಮಾಡಿದುದಕ್ಕೆ ಇನ್ನೊಂದು ಕಾರಣವಾಗಿದ್ದಿತು. ಬಲೆಯ ಹೊರಗೆ, ಕೈಗೆ ಬಾಯಿಗೆ ತುರಿಕೆ ತರುವ ಸುವರ್ಣಗೆಡ್ಡೆ, ಅರಿಸಿನ, ಶುಂಠಿಗಳನ್ನು ಇಟ್ಟರು. ಮಡಿಗೆ ಹೊದಿಸಲು ಬೆಟ್ಟದಿಂದ ಒಣಗಿದ ಎಲೆಯನ್ನು ತರೋಣವೆಂದು ಆಳು ಹೊರಟಾಗ ಯಜಮಾನರು ತಡೆದರು. ಅದು ಅತಿಯಾದ ಭಯವಲ್ಲ. 1957ರಲ್ಲಿ ನೆರೆಯ ಸೊರಬದ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣುಗಿನಿಂದ ಹರಡುವುದು. ಆ ಮರಿ ಉಣುಗುಗಳು ಕಾಡಿನ ಉದುರೆಲೆಯಲ್ಲಿ ಹೆಚ್ಚಾಗುವುದು ಮಾಗಿಯಿಂದ ಬೇಸಗೆಯವರೆಗೆ. ಆ ಕಾಲದಲ್ಲಿ ಬೆಟ್ಟದ ಎಲೆಯನ್ನು ಮನೆಯ ಬಾಗಿಲಿಗೆ ತಂದು ಹಾಕುವುದು ಬೇಡ. ಹೊದಿಕೆಗೆ ಜಗಲಿಯ ತಟ್ಟಿಯ ಹಳೆಯ ಸೋಗೆಯೇ ಸಾಕಾಯಿತು.

ಚಿಪ್ಪಿನ ಬಟ್ಟೆಯನ್ನು ಮೂರನೆಯ ದಿನ ಬಿಚ್ಚಿದಾಗ ಏನೂ ಇರಲಿಲ್ಲ. ನಾಲ್ಕನೆಯ ದಿನವೂ ಇಲ್ಲ; ಕೆಲವು ಬೀಜಗಳ ಮೇಲೆ ಬೂಷ್ಟು ಬಂದಿದ್ದಿತು. ಅತ್ತೆಯು ಅವನ್ನು ತೆಗೆದೆಸೆದು, ಮಿಕ್ಕವನ್ನು ತೊಳೆದು, ಬೇರೆಯ ಬಟ್ಟೆಗೆ ಹಾಕಿದಳು. ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಐದನೆಯ ದಿನ ಬೆಳಗ್ಗೆ ಸೊಸೆಯೇ ಮೊದಲು ನೋಡಿ ಕರೆದಳು: "ಅತ್ತೆ, ಇಲ್ಲಿ ಬನ್ನಿ!" ಎರಡು ಬೀಜಗಳ ತುದಿಯಲ್ಲಿ ಬಿಳಿಯ ಮೊಳಕೆ. ಸಂಜೆಗೆ ನಾಲ್ಕಾಯಿತು, ಮರುದಿನ ಬೆಳಗ್ಗೆ ಐದು. ಅಲ್ಲಿಗೆ ನಿಂತಿತು.

ಅಡಿಕೆಯ ಹಾಳೆಯ ತುಂಡುಗಳನ್ನು ಮಡಿಸಿ ಐದು ಕೊಟ್ಟೆಗಳನ್ನು ಮಾಡಿ, ಹಳೆಯ ಗೊಬ್ಬರವನ್ನೂ ಮಣ್ಣನ್ನೂ ತುಂಬಿ, ಒಂದೊಂದರಲ್ಲಿ ಒಂದೊಂದನ್ನು ನೆಟ್ಟರು. ಎರಡು ಎಲೆಯಾದ ಮೇಲೆ ಚಿರೆಕಲ್ಲಿನ ಮಡಿಗೆ ಇಳಿಸುವುದೆಂದೂ, ಹತ್ತಿರದಲ್ಲಿ ಈ ವರುಷ ಬೇರೆ ಸೌತೆಯ ಬಳ್ಳಿಯನ್ನು ಹಾಕಬಾರದೆಂದೂ, ಹೂ ಅರಳುವ ಹಿಂದಿನ ಸಂಜೆ ಮೊಗ್ಗಿಗೆ ದಾರ ಕಟ್ಟಿ ಬೆಳಗ್ಗೆ ಕೈಯಿಂದಲೇ ಪರಾಗ ಮುಟ್ಟಿಸುವುದೆಂದೂ ಅತ್ತೆ ಸೊಸೆಯರು ಮಾತಾಡಿಕೊಂಡರು. ಪ್ರತಿ ಬಳ್ಳಿಯ ಮೊದಲೆರಡು ಕಾಯಿ ಬೀಜಕ್ಕೆ. ಅವನ್ನು ಯಾರೂ ಕೊಯ್ಯಬಾರದೆಂದು ಮೊಮ್ಮಗನಿಗೂ ಕಟ್ಟಪ್ಪಣೆಯಾಯಿತು. ತೆಗೆದ ಬೀಜದಲ್ಲಿ ಒಂದು ಪಾಲು ಬೂದಿಯಲ್ಲಿ ಕಲಸಿ, ಹುರಿದ ಅಕ್ಕಿಯ ಗಂಟಿನೊಡನೆ ಬಿಗಿಮುಚ್ಚಳದ ಗಾಜಿನ ಶೀಷೆಗೆ. ಒಂದು ಪಾಲು ಕೆಳಗಿನ ಮನೆಯವರಿಗೆ.

ಸೋಮವಾರ ಮೇಸ್ತ್ರಿಯು ಬಂದನು. ಒಲೆಯನ್ನು ಅಗೆದು ತೆಗೆಯುವ ಮುನ್ನ ಸೊಸೆಯು ಸುಣ್ಣದ ಕಡ್ಡಿಯನ್ನು ಹಿಡಿದು ಗೋಡೆಯ ಬಳಿಗೆ ಹೋಗಿ, ಕಿಟಕಿಯ ಪಕ್ಕದಲ್ಲಿ ಬಿಸಿಲು ಬೀಳುವ ಎರಡು ಮೊಳದಷ್ಟು ಮಣ್ಣಿನ ಭಾಗಕ್ಕೆ ಸುತ್ತಲೂ ಗೆರೆ ಎಳೆದಳು. ಅದನ್ನು ಬಿಟ್ಟು ಮಿಕ್ಕುದಕ್ಕೆಲ್ಲ ಬಿಲ್ಲೆ ಹಾಕಬೇಕೆಂದಳು. ಅಷ್ಟು ಮಾತ್ರ ಬಿಟ್ಟರೆ ನೋಟ ಕೆಡುತ್ತದೆ ಅಮ್ಮಾ, ಎಂದು ಮೇಸ್ತ್ರಿ ಹೇಳಿದನು. ಕೆಡಲಿ ಎಂದು ಹೇಳಿ ಆಕೆ ಸಾರಿಗೆ ಕೊತ್ತುಂಬರಿ ಇದೆಯೇ ಎಂದು ನೋಡುವುದಕ್ಕೆ ಒಳಗೆ ಹೋದಳು. ಹೊಸ ಮಡಿಯಲ್ಲಿ ಅದು ಇನ್ನೂ ಎದ್ದಿರಲಿಲ್ಲ.